ಕೊನೆಯನ್ನು ಮೊದಲೇ ಹೇಳುತ್ತಿದ್ದ ಅಕ್ಕೋರು

ಅವರ ಪದ್ಧತಿಯಲ್ಲೇ ಶುರು ಮಾಡುತ್ತೇನೆ. ಅಕ್ಕೋರು ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಎದೆ ನಿಂತು ಅಲ್ಲ. ಸಾದಾ ಜ್ವರ ಎಂದು ಮಲಗಿದವರು ಮತ್ತೆ ಏಳಲಿಲ್ಲ. ಕೊನೆಯ ತನಕ ಎದೆಯೊಂದೇ ತಾಳ ತಪ್ಪದೆ ಬಡಿದುಕೊಳ್ಳುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಅಷ್ಟು ವರ್ಷ ಯಾವುದಕ್ಕೆ ಅಂಜಿ ಅಂಜಿ ಬದುಕಿದರೋ ಅದೊಂದನ್ನು ಬಿಟ್ಟು ಬೇರೆಯದರಿಂದ ಹೋದರು. ಇದನ್ನು ಕೇಳಿದಾಗ ನನಗೆ ಒಂದು ಗಳಿಗೆ ನಗು ಬಂತು. ಆಮೇಲೆ ಆ ನಗುವಿಗೇ ಹೆದರಿಕೆಯಾಯಿತು.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಅಂತಲೇ ಅನ್ನುವುದು. ನಾನೂ ಕಮಲಾಪುರದ ಅದೇ ಪ್ರಾಥಮಿಕ ಶಾಲೆಯಲ್ಲಿ ಅದೇ ನೌಕರಿ ಮಾಡಿದವಳು, ಆದರೂ ನನ್ನ ಮಟ್ಟಿಗೆ ಅಕ್ಕೋರು ಎಂದರೆ ಅವರೊಬ್ಬರೇ. ಕಲಬುರಗಿಯ ಗಾಜಿಪುರದಲ್ಲಿ ಅವರ ಮನೆ, ಅದರ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಬೆಳಿಗ್ಗೆ ಹುಮನಾಬಾದ ಕಡೆ ಹೋಗುವ ಬಸ್ಸಿನಲ್ಲಿ ಜೊತೆಗೇ ಹೋಗುವುದು, ಸಂಜೆ ಜೊತೆಗೇ ಬರುವುದು. ಗಂಡನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ನಾನು ಅವರ ಜೊತೆ ಆಡಿದ್ದೇನೆ.

ಅವರು ಮಕ್ಕಳಿಗೆ ಕಥೆ ಹೇಳುವ ಕ್ರಮ ಹೀಗಿತ್ತು: "ಆ ನರಿ ಕಡೀಕ ಬಾವ್ಯಾಗ ಬೀಳ್ತದ, ತಿಳೀತಿಲ್ಲೋ? ಈಗ ಹ್ಯಾಂಗ ಬಿತ್ತು ಅಂತ ಹೇಳ್ತೀನಿ." ಮಕ್ಕಳು ಬಾಯಿ ತೆರೆದುಕೊಂಡು ಕೇಳುತ್ತಿದ್ದವು. ಹೊಸದಾಗಿ ಬಂದ ಹೆಡ್ ಮಾಸ್ತರರು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ನಕ್ಕರು.

"ಇದೇನ್ರಿ ಅಕ್ಕೋರೆ, ಊಟಕ್ಕ ಕುಂತವ್ರಿಗಿ ಮೊದಲೇ ಎಲಿ ಅಡಕಿ ಕೊಟ್ಟಂಗಾತಲ್ಲ!"

"ಸರ, ನಾಳಿಗಿ ನಾ ಬರ್ತೀನೋ ಇಲ್ಲೋ ಯಾರಿಗ್ಗೊತ್ತು? ಪಾಪ, ಅರ್ಧಾ ಕತಿ ಹಿಡಕೊಂಡು ಹುಡುಗ್ರು ಎಲ್ಲಿಗಿ ಹೋಗ್ಬೇಕು?"

ಸ್ಟಾಫಿನವರೆಲ್ಲ ನಕ್ಕರು. ಅಕ್ಕೋರೂ ನಕ್ಕರು. ಅವರು ಚೇಷ್ಟೆ ಮಾಡುತ್ತಿರಲಿಲ್ಲ ಎಂಬುದು ಗೊತ್ತಿದ್ದವಳು ನಾನೊಬ್ಬಳೇ.

ಮೊದಲು ಅವರು ಹೀಗಿರಲಿಲ್ಲ. ನಾನು ನೌಕರಿಗೆ ಸೇರಿದ ವರ್ಷ ಕಂಡ ಅಕ್ಕೋರು ನಿಂತ ಬಸ್ಸಿಗೂ ಹತ್ತುತ್ತಿದ್ದರು, ಹೊರಟ ಬಸ್ಸಿಗೂ ಹತ್ತುತ್ತಿದ್ದರು. ಅವರ ದನಿ ಶಾಲೆಯ ಆಚೆಯ ಬಾಳೆತೋಟದ ತನಕ ಕೇಳುತ್ತಿತ್ತು. ಆಮೇಲೆ ಪಿತ್ತದ ಚೀಲದಲ್ಲಿ ಹರಳಾಗಿವೆ, ಹೊಟ್ಟೆ ಕೊಯ್ದು ತೆಗೆಯಬೇಕು ಎಂದರು ಡಾಕ್ಟರು. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಆಪರೇಶನ್ ಎಂದರೆ ಮನೆಯವರೆಲ್ಲ ದೇವರ ಮುಂದೆ ಕಾಯಿ ಒಡೆದು ಹೊರಡುತ್ತಿದ್ದರು.

ಆ ದಿನ ದವಾಖಾನೆಗೆ ನಾನೂ ಹೋಗಿದ್ದೆ. ಅವರ ಗಂಡ ನಂದೂರಿನ ದಾಲ್ ಮಿಲ್ಲಿನಲ್ಲಿ ಮಾಲಿನ ಉಸ್ತುವಾರಿ ನೋಡುವವರು, ಬಲು ಒಳ್ಳೆಯವರು, ಆದರೆ ರಕ್ತವೆಂದರೆ ಕಾಲು ಸೋಲುವ ಮನುಷ್ಯ. ಅವರು ಹೊರಗೆ ಚಹಾದಂಗಡಿ ಹಿಡಿದು ನಿಂತುಬಿಟ್ಟರು. ಒಳಗೆ ಸಿಸ್ಟರ್ ಬಂದು, ಮೈಮೇಲೆ ಏನೇನಿದೆಯೋ ಎಲ್ಲ ತೆಗೆಯಿರಿ ಎಂದಳು. ತಾಳಿ, ಬಳೆ, ಕಾಲುಂಗುರ ಎಲ್ಲ ಒಂದು ಕರ್ಚೀಫಿನಲ್ಲಿ ಗಂಟಾದವು. ಉಳಿದದ್ದು ಕೊರಳಲ್ಲಿ ಬೆಳ್ಳಿ ಕರಡಿಗೆಯೊಳಗಿದ್ದ ಲಿಂಗ. ಹುಟ್ಟಿದಾಗ ಕಟ್ಟಿದ್ದು ಒಮ್ಮೆಯೂ ಮೈ ಬಿಟ್ಟದ್ದಲ್ಲ. ಇಂಥ ಹೊತ್ತಿನಲ್ಲಿ ಎಷ್ಟೋ ಮಂದಿ ರಟ್ಟೆಗೆ ಕಟ್ಟಿಕೊಳ್ಳುತ್ತಾರೆ. ಅಕ್ಕೋರೂ ಕೇಳಿಕೊಂಡರು. ಸಿಸ್ಟರ್ ಒಪ್ಪಲಿಲ್ಲ.

ಅದನ್ನು ಹಿಡಿಯಬೇಕಾದವರು ಅವರ ಗಂಡನ ಅಕ್ಕ. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟವಿದ್ದ ಮನೆಯ ಯಜಮಾನಿ, ಊರಿಗೆಲ್ಲ ದೊಡ್ಡವ್ವ. ಅವರ ಬಸ್ಸು ಇನ್ನೂ ಬಂದಿರಲಿಲ್ಲ. ಸಿಸ್ಟರ್ ಅವಸರ ಮಾಡುತ್ತಿದ್ದಳು. ಅಕ್ಕೋರು ಸುತ್ತಲೂ ನೋಡಿ ಕೊನೆಗೆ ನನ್ನ ಕಡೆ ನೋಡಿದರು. ನಾನು ಲಿಂಗ ಕಟ್ಟುವ ಮನೆಯವಳಲ್ಲ.

"ಹಿಡಿ ತಂಗಿ," ಎಂದು ಕರಡಿಗೆಯನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾವೇ ಒಂದೊಂದಾಗಿ ಮಡಿಸಿದರು. ಅವರ ಕೈ ತಣ್ಣಗಿತ್ತು. "ಇದು ಮೈ ಬಿಟ್ರ ಜೀವ ಬಿಟ್ಟಂಗ ಅಂತಿದ್ಲು ನಮ್ಮವ್ವ. ನೆಲಕ್ಕ ಇಡಬ್ಯಾಡ."

"ಇಡಂಗಿಲ್ರಿ ಅಕ್ಕೋರೆ."

ಅವರನ್ನು ಒಳಗೆ ಒಯ್ದ ಮೇಲೆ ದೊಡ್ಡವ್ವ ಬಂದರು, ಬುಟ್ಟಿಯಲ್ಲಿ ಬಾಳೆಹಣ್ಣು, ಹಣೆಯ ತುಂಬ ವಿಭೂತಿ. ನನ್ನ ಮುಷ್ಟಿಯಿಂದ ಜೋತುಬಿದ್ದ ಕರಡಿಗೆಯ ದಾರವನ್ನು ಕಂಡರು. ನಾನು ಎದ್ದು, "ಅಕ್ಕೋರು ನಂಗ ಹಿಡಿ ಅಂದಾರ್ರಿ," ಎಂದೆ. ದೊಡ್ಡವ್ವ ಕೈ ಚಾಚಲಿಲ್ಲ. ಬೆಂಚಿನ ಆ ತುದಿಗೆ ಹೋಗಿ ಕುಳಿತರು. ನಡುವೆ ಬಾಳೆಹಣ್ಣಿನ ಬುಟ್ಟಿ.

ಆಪರೇಶನ್ ಸರಿಯಾಗಿಯೇ ಆಯಿತು. ಹರಳುಗಳನ್ನು ಒಂದು ಗಾಜಿನ ಬಾಟಲಿಯಲ್ಲಿ ಹಾಕಿ ತೋರಿಸಿದರು. ಹೊಲಿಗೆ ಒಣಗಿತು. ಆದರೆ ನೋವು ಹೋಗಲಿಲ್ಲ. ಪಕ್ಕೆಲುಬಿನ ಕೆಳಗೆ ಬಲಗಡೆ, ಹೊಲಿಗೆಯ ಗುರುತಿನ ಒಳಗೆ ಎಲ್ಲೋ, ಚುಚ್ಚಿದಂತೆ, ಎಳೆದಂತೆ. ಬಸ್ಸಿನಲ್ಲಿ ಯಾರಾದರೂ ತಾಗಿದರೆ ಜೀವ ಹೋದಂತೆ ಮುಖ ಮಾಡುತ್ತಿದ್ದರು. ಅಂದಿನಿಂದ ನಾನು ಅವರ ಬಲಕ್ಕೆ ಕೂಡುವುದು ರೂಢಿಯಾಯಿತು. ಸೀಟು ಸಿಗದ ದಿನ ಬಲಕ್ಕೇ ನಿಲ್ಲುತ್ತಿದ್ದೆ. ರೊಟ್ಟಿಯ ಡಬ್ಬಿಯ ಚೀಲವನ್ನು ಅವರು ಆ ಜಾಗಕ್ಕೆ ಒತ್ತಿ ಹಿಡಿದುಕೊಳ್ಳುತ್ತಿದ್ದರು. ಬಿಸಿ ರೊಟ್ಟಿಯ ಕಾವು ಹಾಯೆನಿಸುತ್ತಿತ್ತಂತೆ.

ನೋವಿಗಾದರೂ ಒಂದು ಜಾಗವಿತ್ತು. ಆಮೇಲೆ ಶುರುವಾದದ್ದಕ್ಕೆ ಅದೂ ಇರಲಿಲ್ಲ. ಮಾತಾಡುತ್ತ ಆಡುತ್ತ ಸುಮ್ಮನಾಗಿಬಿಡುತ್ತಿದ್ದರು. ಎದೆ ಧಸಕ್ಕೆಂದು ಒಂದು ಬಡಿತ ಬಿಟ್ಟು, ಬಿಟ್ಟದ್ದನ್ನು ತುಂಬಿಕೊಳ್ಳಲು ಓಡುತ್ತಿತ್ತು. ಬೆವರು, ತುಟಿ ಬೆಳ್ಳಗೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಲ್ಲುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು "ಬೀಗರು".

"ಬೀಗರು ಬಂದ್ರೇನ್ರಿ?" ಎಂದು ನಾನು ಕೇಳುವುದು.

"ಬಂದಾರ. ಸುಮ್ಮ ಕೂಡು, ಮಾತಾಡಿಸಿದ್ರ ಉಳ್ಕೊಂಡ್ಬಿಡ್ತಾರ."

ದವಾಖಾನೆಗೆ ಹೋದಾಗ ಮಾತ್ರ ಬೀಗರು ಬರುತ್ತಿರಲಿಲ್ಲ. ಇಸಿಜಿಯ ಪಟ್ಟಿ ಪ್ರತಿ ಸಲ ನೆಟ್ಟಗೆ ಬರುತ್ತಿತ್ತು. ಡಾಕ್ಟರು ಏನೂ ಇಲ್ಲ, ಟೆನ್ಶನ್ ಎಂದರು. ಕಂಡಕ್ಟರ್ ಗ್ಯಾಸ್, ಸೋಡಾ ಕುಡೀರಿ ಎಂದ. ಪಕ್ಕದ ಮನೆಯವರು ದೃಷ್ಟಿ ಎಂದರು. ಯಾರೋ ದನಿ ತಗ್ಗಿಸಿ ಭಾನಾಮತಿಯ ಮಾಟ ಎಂದರು. ಎಲ್ಲರ ಬಳಿಯೂ ಒಂದು ಹೆಸರಿತ್ತು, ಯಾವುದೂ ಕೂಡುತ್ತಿರಲಿಲ್ಲ.

"ಅಂಗೈ ಹುಣ್ಣಿಗಿ ಕನ್ನಡಿ ಯಾಕ ಅಂತಾರ. ನಂದು ಕನ್ನಡ್ಯಾಗೂ ಕಾಣಂಗಿಲ್ಲ ನೋಡು," ಎನ್ನುತ್ತಿದ್ದರು ಅಕ್ಕೋರು.

ದೊಡ್ಡವ್ವನ ಬಳಿಯೂ ಒಂದು ಕಾರಣವಿತ್ತು. ಒಂದು ಭಾನುವಾರ ನಾನು ಮಂಡಕ್ಕಿ ಒಗ್ಗರಣೆಯ ಸುಸಲಾ ಮಾಡಿ, ಬಿಸಿಯಿರುವಾಗಲೇ ಕೊಡೋಣವೆಂದು ಅಕ್ಕೋರ ಮನೆಗೆ ಹೋದೆ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿಂದ ದೊಡ್ಡವ್ವನ ದನಿ ಬಂತು. "ಭವಿ ಕೈಯಾಗ ಲಿಂಗ ಕೊಟ್ಟಿ. ಅದಕ್ಕೇ ನಿನ್ನ ಎದಿ ತನ್ನ ಜಾಗಾ ಮರತದ." ಲಿಂಗ ಕಟ್ಟದವರಿಗೆ ಅವರಲ್ಲಿ ಭವಿ ಎನ್ನುತ್ತಾರೆ. ಅಕ್ಕೋರು ಏನಾದರೂ ಅನ್ನಬಹುದೆಂದು ನಾನು ತಟ್ಟೆ ಹಿಡಿದುಕೊಂಡು ನಿಂತೆ. ಅವರು ಏನೂ ಅನ್ನಲಿಲ್ಲ. ನಾನು ಒಳಗೆ ಹೋಗಿ ತಟ್ಟೆ ಇಟ್ಟು, ಆರತದ್ರಿ, ತಿನ್ರಿ ಎಂದು ಹೇಳಿ ಬಂದೆ. ದೊಡ್ಡವ್ವನ ಮಾತು ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಅಕ್ಕೋರ ಮೌನ ಅದಕ್ಕಿಂತ ಹೆಚ್ಚು ನೋಯಿಸಿತು.

ಆಮೇಲೆ ಆ ಪ್ರಶ್ನೆ ಶುರುವಾಯಿತು. ಬಸ್ಸಿನಲ್ಲಿ, ಶಾಲೆಯ ಬೇವಿನ ಗಿಡದ ಕೆಳಗೆ ಊಟಕ್ಕೆ ಕುಳಿತಾಗ, ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಾಗ.

"ಖರೇ ಹೇಳು ತಂಗಿ. ನೆಲಕ್ಕ ಇಟ್ಟಿದ್ದಿಲ್ಲಲ್ಲ?"

"ಇಲ್ರಿ ಅಕ್ಕೋರೆ. ನಿಮ್ಮಾಣಿ ಇಟ್ಟಿದ್ದಿಲ್ಲ."

"ನನ್ನಾಣಿ ಹಾಕಬ್ಯಾಡ ಮಾರಾಯ್ತಿ, ಮೊದಲೇ ಎದಿ ನೆಟ್ಟಗಿಲ್ಲ."

ಇಬ್ಬರೂ ನಗುತ್ತಿದ್ದೆವು. ಆದರೆ ಕೇಳುವುದು ನಿಲ್ಲಲಿಲ್ಲ, ಮತ್ತು ಕೇಳಿಸಿಕೊಂಡು ಕೇಳಿಸಿಕೊಂಡು ನನ್ನ ನೆನಪೇ ಸಡಿಲಾಗತೊಡಗಿತು. ಅವತ್ತು ಅವರ ಗಂಡ ತಂದುಕೊಟ್ಟ ಚಹಾವನ್ನು ನಾನು ಯಾವ ಕೈಯಲ್ಲಿ ಕುಡಿದೆ? ಸೆರಗು ಸರಿಮಾಡಿಕೊಂಡಾಗ ಮುಷ್ಟಿ ಬಿಚ್ಚಿದ್ದೆನೇ? ಬೆಂಚಿನ ಮೇಲೆ ಒಂದು ಗಳಿಗೆ ಇಟ್ಟಿದ್ದೆನೇ? ಇಟ್ಟಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಮುಟ್ಟಿ ನೋಡಿದರೆ ಅದೂ ಸವೆಯುತ್ತದೆ. ಹೆದರಿಕೆ ನೆಗಡಿಯ ಹಾಗೆ, ಪಕ್ಕದಲ್ಲಿ ಕೂತವರಿಗೆ ಬರುತ್ತದೆ. ನಾನೂ ಬಸ್ಸಿನಲ್ಲಿ ಸೆರಗಿನ ಮರೆಯಲ್ಲಿ ನನ್ನ ನಾಡಿ ಹಿಡಿದು ನೋಡಿಕೊಳ್ಳಲು ಕಲಿತೆ.

ಅವರ ಹೆದರಿಕೆ ಅಳುಕಿನ, ಗೋಳಿನ ಹೆದರಿಕೆಯಲ್ಲ, ಬಹಳ ಅಚ್ಚುಕಟ್ಟಾದದ್ದು. ಹಳೆ ಸೀರೆಗಳ ಕೌದಿ ಹೊಲಿಯುವುದರಲ್ಲಿ ಅವರ ಕೈ ಹೆಸರುವಾಸಿ. ಅದನ್ನು ಬಿಟ್ಟುಬಿಟ್ಟರು. ಅರ್ಧ ಹೊಲಿದ ಕೌದಿ ಮನೆಯಲ್ಲಿ ಬಿಟ್ಟು ಹೋಗಬಾರದು ಎಂಬುದು ಅವರ ವಾದ. ಕಮಲಾಪುರದ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಳ್ಳುವಾಗ ಇವತ್ತಿಗೆ ಹಣ್ಣಾದದ್ದನ್ನೇ ಆರಿಸುತ್ತಿದ್ದರು. "ನಾಳಿಗಿ ಹಣ್ಣಾಗ್ತಾವ್ರಿ ಅಕ್ಕೋರೆ, ಸಸ್ತಾ ಕೊಡ್ತೀನಿ," ಎಂದು ಮಾರುವವಳು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಬೀದಿಯಲ್ಲಿ ಬಿದ್ದರೆ ಎತ್ತುವವರಿಗೆ ನಾಚಿಕೆಯಾಗಬಾರದೆಂದು ದಿನಾಲೂ ಒಳ್ಳೆಯ ಸೀರೆಯನ್ನೇ ಉಡುತ್ತಿದ್ದರು. ಸಾಯುವ ಯೋಚನೆಯಲ್ಲೂ ಇಸ್ತ್ರಿ ಕೆಡದ ಹೆಂಗಸು ಎಂದು ನಾನು ಹಿಂದಿನಿಂದ ಗೊಣಗಿದ್ದೂ ಉಂಟು.

ಒಂದು ದಿನ ಬಸ್ಸಿನ ಟಯರು ಒಡೆಯಿತು. ಏಪ್ರಿಲ್ ತಿಂಗಳು, ನಡು ಮಧ್ಯಾಹ್ನ, ಪರೀಕ್ಷೆ ಮುಗಿಸಿ ಬರುತ್ತಿದ್ದೆವು. ರಸ್ತೆಯ ಎರಡೂ ಕಡೆ ತೊಗರಿ ಕೊಯ್ದ ಖಾಲಿ ಹೊಲ, ಒಂದು ಗಿಡ ಇಲ್ಲ. ಎಲ್ಲರೂ ಇಳಿದು ಬಸ್ಸಿನ ನೆರಳಿನಲ್ಲಿ ಕುಳಿತೆವು. ಅಕ್ಕೋರು ಅವತ್ತು ಯಾವುದೋ ಮದುವೆಯ ಮಾತು ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು.

"ಬೀಗರೇನ್ರಿ?"

ಅವರು ನನ್ನ ಕೈ ಹಿಡಿದು ಎದೆಗೆ ಒತ್ತಿಕೊಂಡರು. ಅಲ್ಲಿತನಕ ನಾನು ಅವರ ಮಾತು ಕೇಳಿದ್ದೆನೇ ಹೊರತು ಅದನ್ನು ಮುಟ್ಟಿರಲಿಲ್ಲ. ಎಸರು ಉಕ್ಕುವಾಗ ಗಡಿಗೆಯ ಮುಚ್ಚಳ ಕುಣಿಯುತ್ತದಲ್ಲ, ಹಾಗೆ ಕುಣಿಯುತ್ತಿತ್ತು. ನಡುವೆ ಒಮ್ಮೆಲೇ ಏನೂ ಇಲ್ಲ. ಆ ಏನೂ ಇಲ್ಲದ ಗಳಿಗೆಯಲ್ಲಿ ಅವರು ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಮತ್ತೆ ಧಸಕ್. ದವಾಖಾನೆ ಅತ್ತಲೂ ದೂರ, ಇತ್ತಲೂ ದೂರ. ಯಾರೋ ನೀರು ತಂದರು. ನಾನು ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಕರೆದೆ. ಅವರ ಕೊರಳಲ್ಲಿದ್ದ ಕರಡಿಗೆ ನನ್ನ ಬೆರಳಿಗೆ ತಾಗಿತು, ಕಾದ ಬೆಳ್ಳಿ. ನಾನು ಚಟ್ಟನೆ ಕೈ ಹಿಂದೆಗೆದೆ. ನಿಜವಾಗಿಯೂ ನನ್ನ ಕೈಯಿಂದಲೇ ಇದೆಲ್ಲ ಆಗಿದ್ದರೆ ಎನಿಸಿತು.

ಕೊನೆಗೆ ಆ ಕುಣಿತ ತಾನಾಗಿಯೇ ನಿಂತಿತು. ಹೊಸ ಟಯರು ಹಾಕುವಷ್ಟರಲ್ಲಿ ಅವರ ಮುಖಕ್ಕೆ ಬಣ್ಣ ಬಂದಿತ್ತು. ಹತ್ತುವಾಗ, "ಮದಿವಿ ಕಡೀಕ ಮುರದು ಬಿತ್ತು, ಅದನ್ನ ಮೊದಲ ಹೇಳಬೇಕಿತ್ತು," ಎಂದರು.

ಹೀಗೇ ವರ್ಷಗಳು ಹೋದವು. ಶಾಲೆಗೆ ಹೊಸ ಕೋಣೆಗಳಾದವು, ನನಗೆ ಮಕ್ಕಳಾದವು, ಬೀಗರು ಬರುತ್ತಲೇ ಇದ್ದರು. ಕೊನೆಗೆ ಒಬ್ಬ ಡಾಕ್ಟರು, ಸೊಲ್ಲಾಪುರಕ್ಕೆ ಹೋಗಿ ತೊಡೆಯಿಂದ ನಳಿಗೆ ಬಿಟ್ಟು ಹೃದಯದ ನಾಳಗಳನ್ನು ನೋಡುವ ಪರೀಕ್ಷೆ ಮಾಡಿಸಿಬಿಡಿ, ಒಮ್ಮೆ ಸಂಶಯ ಹೋಗಲಿ ಎಂದರು. ಅಕ್ಕೋರು ನನ್ನನ್ನೂ ಕರೆದುಕೊಂಡು ಹೋದರು. ದೊಡ್ಡವ್ವ ಈ ಸಲ ಹಿಂದಿನ ದಿನವೇ ಗಾಜಿಪುರಕ್ಕೆ ಬಂದು ಉಳಿದಿದ್ದರು. ಅವತ್ತು ಬೆಳಗಾಗುವ ಮೊದಲೇ ಸ್ನಾನ ಮಾಡಿ ಮಡಿ ಸೀರೆ ಉಟ್ಟು ತಯಾರಾದರು.

ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಅಕ್ಕೋರು ಕೊರಳಿನಿಂದ ದಾರ ತೆಗೆದರು. ಒಂದು ಸಲ ನನ್ನನ್ನು ನೋಡಿದರು. ಆಮೇಲೆ ದೊಡ್ಡವ್ವನ ಚಾಚಿದ ಬೊಗಸೆಯಲ್ಲಿಟ್ಟರು. ಅದು ಸರಿಯಾದದ್ದೇ. ನಾನು ಗೋಡೆಗೆ ಒರಗಿ ನಿಂತೆ. ಎರಡೂ ಕೈ ಖಾಲಿಯಿದ್ದವು, ಅವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇವತ್ತು ಏನೂ ಆಗದಿದ್ದರೆ, ಬೀಗರು ಇನ್ನು ಬರದೇ ಹೋದರೆ, ಅಲ್ಲಿಗೆ ತಪ್ಪು ನನ್ನದೆಂದೇ ಆಯಿತು. ಆದರೆ ಅವರು ಬದುಕಲಿ. ಎರಡೂ ಒಟ್ಟಿಗೇ ಅನಿಸಿತು. ಯಾವುದು ಹೆಚ್ಚು ಅನಿಸಿತು ಎಂದು ಈಗ ಹೇಳಲಾರೆ.

ನಾಳಗಳೆಲ್ಲ ಸ್ವಚ್ಛ, ಏನೂ ಇಲ್ಲ ಎಂದರು ಅಲ್ಲಿಯ ಡಾಕ್ಟರು. ದೊಡ್ಡವ್ವ ಲಿಂಗವನ್ನು ಕಣ್ಣಿಗೊತ್ತಿಕೊಂಡು ಅಕ್ಕೋರ ಕೊರಳಿಗೆ ಕಟ್ಟಿದರು. "ಇನ್ನ ಆರಾಮಾಗ್ತದ ನೋಡು," ಎಂದರು. ಹಾಗೆನ್ನುವಾಗ ನನ್ನ ಕಡೆ ನೋಡಲಿಲ್ಲ, ಅಷ್ಟು ಮರ್ಯಾದೆ ಅವರಿಗಿತ್ತು.

ತಿರುಗಿ ಬರುವಾಗ ರೈಲಿನಲ್ಲಿ ಅಕ್ಕೋರು ಕಿಟಕಿಯ ಬಳಿ, ಅವರ ಬಲಕ್ಕೆ ನಾನು. ಎದುರಿಗೆ ದೊಡ್ಡವ್ವ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದರು. ರೈಲು ಹೊರಟು ಸ್ವಲ್ಪ ಹೊತ್ತಾಗಿತ್ತು. ಅಕ್ಕೋರು ಮಾತು ನಿಲ್ಲಿಸಿದರು. ನಾನು ಅವರ ಹಣೆ ನೋಡಿದೆ. ಬೆವರು.

"ಬಂದ್ರೇನ್ರಿ?" ಎಂದು ಮೆಲ್ಲಗೆ ಕೇಳಿದೆ.

ಅವರು ತಲೆಯಾಡಿಸಿದರು. ಅದು ಬಂದು, ಕುಣಿದು, ಹೋಗುವ ತನಕ ಕಾದೆವು. ಆಮೇಲೆ ಅವರು ಹೇಳಿದರು, "ಈ ಸರ್ತಿ ಅಕ್ಕನ ಕೈಯಾಗೇ ಕೊಟ್ಟಿದ್ದೆ. ಆದ್ರೂ ಬಂತು. ಅಂದ್ರ ನಿನ್ನ ಕೈದು ತಪ್ಪಿಲ್ಲ ತಂಗಿ. ಎಂದೂ ಇದ್ದಿದ್ದಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅವರು ನನ್ನ ಬೆನ್ನ ಮೇಲೆ ಕೈಯಾಡಿಸಿದರು. ಕಿಟಕಿಯ ಹೊರಗೆ ನೋಡುತ್ತಾ ಇನ್ನೊಂದು ಮಾತು ಹೇಳಿದರು.

"ಇಷ್ಟು ವರ್ಷ ತಪ್ಪು ನಿನ್ನ ಕೈ ಮ್ಯಾಲ ಹಾಕಿ ಜರಾ ನಿಶ್ಚಿಂತಿ ಇದ್ದೆ. ಇಂಥಾದ್ದರಿಂದ ಹಿಂಗಾಗ್ಯಾದ ಅಂತಾದ್ರೂ ಇತ್ತು. ಈಗ ಯಾವದರ ಮ್ಯಾಲ ಹಾಕ್ಲಿ ಹೇಳು? ಕಾರಣಾ ಇಲ್ದದ್ದಕ್ಕ ಹ್ಯಾಂಗ ಅಂಜಬೇಕು, ಅದೂ ತಿಳೀವಲ್ದು."

ಎದುರಿಗೆ ದೊಡ್ಡವ್ವನ ಬೆರಳಲ್ಲಿ ಜಪಮಣಿ ನಿಂತಿತ್ತು. ಕಣ್ಣು ಮುಚ್ಚಿಯೇ ಇತ್ತು.

ಅಂದಿನಿಂದ ಅಕ್ಕೋರು ಆ ಪ್ರಶ್ನೆಯನ್ನು ಕೇಳುವುದು ಬಿಟ್ಟರು. ನನ್ನ ಭಾರ ಇಳಿಯಿತು, ಅವರ ಭಾರ ಹೆಚ್ಚಿತು. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಾಗಲೆಲ್ಲ ನಾನು ಉತ್ತರ ಸಿದ್ಧಮಾಡಿಕೊಂಡು ಕೂತಿರುತ್ತಿದ್ದೆ, ಅವರು ಸುಮ್ಮನೆ ಹೊರಗೆ ನೋಡುತ್ತಿದ್ದರು. ಕೇಳಲಿ ಅನಿಸುತ್ತಿತ್ತು. ನಿವೃತ್ತಿಯ ದಿನದ ತನಕ ಒಳ್ಳೆಯ ಸೀರೆ ಉಟ್ಟು, ಬಲಪಕ್ಕೆಗೆ ಬಿಸಿ ಡಬ್ಬಿ ಒತ್ತಿಕೊಂಡು ಬಂದರು. ಕೊನೆ ಮೊದಲು ಹೇಳಿದರು, ಕಥೆ ಆಮೇಲೆ. ಅಂಜದವರು ಧೈರ್ಯವಂತರು ಎಂದು ಪಾಠದಲ್ಲಿ ಬರೆದಿರುತ್ತದೆ. ಅಷ್ಟು ಅಂಜಿಕೊಂಡೂ ದಿನಾಲೂ ಬಸ್ಸು ಹತ್ತಿದವರನ್ನು ನಾನು ಕಂಡಿದ್ದೇನೆ, ಪಾಠದವರು ಕಂಡಿಲ್ಲ.

ಹೋದ ಬೇಸಿಗೆಯಲ್ಲಿ ಸುದ್ದಿ ಬಂದಾಗ ನಾನು ಅಡಿಗೆ ಮನೆಯಿಂದ ಹಾಗೇ ಓಡಿದೆ. ಅವರ ಪದ್ಧತಿಯಂತೆ ಅಕ್ಕೋರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಒಳ್ಳೆಯ ಸೀರೆ. ಬಲಗಡೆಯ ಜಾಗ ಖಾಲಿಯಿತ್ತು. ರೂಢಿಯ ಮೇಲೆ ಕಾಲು ಅತ್ತಲೇ ಹೋಯಿತು, ಆದರೆ ಅಷ್ಟೊಂದು ಬಂಧುಗಳ ನಡುವೆ ಧೈರ್ಯ ಸಾಲದೆ ಬಾಗಿಲ ಬಳಿ ಹೆಂಗಸರ ಗುಂಪಿನಲ್ಲಿ ನಿಂತೆ. ಹೊರಗೆ ಭಜನೆ ನಡೆದಿತ್ತು. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟು ಒಯ್ಯುವುದು ಅವರ ಕ್ರಮ. ದೊಡ್ಡವ್ವ ಅದನ್ನು ಹಿಡಿದು ಮುಂದೆ ಕುಳಿತಿದ್ದರು. ಬಹಳ ಮುದುಕಿಯಾಗಿದ್ದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಲಿಂಗ ಬೊಗಸೆಯಲ್ಲಿ ಉರುಳಾಡುತ್ತಿತ್ತು. ಪಕ್ಕದಲ್ಲಿದ್ದ ಅವರ ಸೊಸೆ ಕೈ ಚಾಚಿದಳು. ದೊಡ್ಡವ್ವ ಕೊಡಲಿಲ್ಲ. ಮಂಜಾದ ಕಣ್ಣಿನಿಂದ ಗುಂಪಿನಲ್ಲಿ ಹುಡುಕಿದರು.

"ಆ ಸಾಲಿ ಅಕ್ಕೋರು ಬಂದಾಳೇನು? ಬಾ ಇಲ್ಲಿ. ನೀ ಹಿಡಿ."

ಎಲ್ಲರೂ ತಿರುಗಿ ನೋಡಿದರು. "ನಾ ಹ್ಯಾಂಗ್ರಿ ದೊಡ್ಡವ್ವಾ…" ಎಂದೆ.

"ಅಕಿ ಮೊದಲ ನಿನ್ನ ಕೈಯಾಗೇ ಕೊಟ್ಟಿದ್ಲು. ಹಿಡಿ, ನನ್ನ ಕೈ ಸೋತಾವ."

ನನ್ನ ಎದೆ ಧಸಕ್ಕೆಂದು ಒಂದು ಬಡಿತ ಬಿಟ್ಟಿತು. ಬೆವರಿದೆ. ಅಷ್ಟು ವರ್ಷ ಅವರು ಒಳಗೆ ಹೊತ್ತು ತಿರುಗಿದ್ದು ಇದನ್ನೇ ಎಂದು ಆಗ ತಿಳಿಯಿತು. ಎರಡೂ ಕೈಯಲ್ಲಿ ಈಸಿಕೊಂಡು ಅಕ್ಕೋರ ಬಲಕ್ಕೆ ಕುಳಿತೆ, ನನ್ನ ಜಾಗದಲ್ಲಿ. ಅವರ ಎಡಗೈಯನ್ನು ಮಡಿಲಿನಿಂದ ಎತ್ತಿ ಅಂಗೈಯಲ್ಲಿ ಲಿಂಗವಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದೆ. ಕೈ ಅವತ್ತಿನ ಹಾಗೇ ತಣ್ಣಗಿತ್ತು. ಅವರು ಕೇಳಲಿಲ್ಲ. ಆದರೂ ಕಿವಿಯ ಹತ್ತಿರ ಬಾಗಿ ಹೇಳಿದೆ:

"ನೆಲಕ್ಕ ಇಟ್ಟಿಲ್ರಿ, ಅಕ್ಕೋರೆ."